ಹಂಡೆಗೆ ಬಾಯಿ ಬಂದದ್ದು

ದಾವಣಗೆರೆಯ ಚೌಕಿಪೇಟೆಯಲ್ಲಿ ಮಾರುತಿಯ ಪಾತ್ರೆ ಅಂಗಡಿ ಎಲ್ಲಿ ಎಂದು ಕೇಳಿ ನೋಡಿ. 'ಆ ಟಕ್ ಟಕ್ ಅನ್ನೋ ಅಂಗಡೀನಾ?' ಎಂದು ಅವರೇ ತಿರುಗಿ ಕೇಳುತ್ತಾರೆ. ಟಕ್ ಟಕ್ ಅನ್ನುವುದು ಅಂಗಡಿಯಲ್ಲ, ಅದರ ಮುಂದಿನ ಕಟ್ಟೆಯ ಮೇಲೆ ಗೋಣಿಚೀಲ ಹಾಸಿಕೊಂಡು ಕೂರುವ ಯಲ್ಲಕ್ಕ. ಕೊಂಡ ಪಾತ್ರೆಗೆ ಹೆಸರು ಕೊರೆಯುವುದು ಅವಳ ಕೆಲಸ. ಒಂದು ಸಣ್ಣ ಸುತ್ತಿಗೆ, ನಾಲ್ಕು ಉಳಿ, ಕೊರೆದ ಗೆರೆಗೆ ತುಂಬಲು ಒಂದು ಡಬ್ಬಿ ಕಪ್ಪು ಅರಗು, ಇಷ್ಟೇ ಅವಳ ಕಾರ್ಖಾನೆ. ನಮ್ಮ ಕಡೆ ಹೆಸರಿಲ್ಲದ ಪಾತ್ರೆ ಮನೆಯಲ್ಲಿ ನಿಲ್ಲುವುದಿಲ್ಲ. ಮದುವೆ ಮನೆಗೆ ಹೋದ ಅಗಲ ತಟ್ಟೆಯಂಥ ಪರಾತ, ಪಕ್ಕದ ಮನೆಗೆ ಸಾರು ಹೊತ್ತುಕೊಂಡು ಹೋದ ಬಟ್ಟಲು, ಮೈಮೇಲೆ ಹೆಸರಿದ್ದರೆ ತಾನೇ ತಿರುಗಿ ಬರುವುದು?

ಯಲ್ಲಕ್ಕನಿಗೆ ಈಗ ಐವತ್ತೆರಡು. ಹುಟ್ಟಿದ್ದು ಕುಕ್ಕುವಾಡ, ಕೊಟ್ಟಿದ್ದು ಆವರಗೆರೆಗೆ. ಗಂಡ ನಿಂಗಪ್ಪ ಇದೇ ಕಟ್ಟೆಯ ಮೇಲೆ ಇಪ್ಪತ್ತು ವರ್ಷ ಹೆಸರು ಕೊರೆದವನು. ಅವನು ತೀರಿಕೊಂಡ ತಿಂಗಳಿಗೆ ಯಲ್ಲಕ್ಕ ಅವನ ಸುತ್ತಿಗೆ, ಉಳಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ಅವನ ಗೋಣಿಚೀಲದ ಮೇಲೇ ಕುಳಿತಳು. ಮಾರುತಿಗೂ ಅಂಗಡಿ ಹೊಸದು, ಅಪ್ಪನ ಕೈಯಿಂದ ಆಗತಾನೇ ಅವನ ಕೈಗೆ ಬಂದಿತ್ತು. 'ಕೆಲಸ ಬರ್ತೈತೇನವ್ವ?' ಎಂದು ಕೇಳಿದ. ಅವಳು ಒಂದು ಚೊಂಬು ಎಳೆದುಕೊಂಡು, ಅಂಗಡಿಯ ಬೋರ್ಡನ್ನು ಕತ್ತೆತ್ತಿ ನೋಡಿ, ಅಲ್ಲಿದ್ದುದನ್ನು ಹಾಗೇ ಚೊಂಬಿನ ಮೇಲೆ ಇಳಿಸಿಕೊಟ್ಟಳು. ಪೇಂಟರು ಅಕ್ಷರಗಳಿಗೆ ಬಿಡಿಸಿದ್ದ ಬಾಲ, ಕೊಂಬು ಎಲ್ಲವೂ ಅದರಲ್ಲಿದ್ದವು. ಮಾರುತಿ ಮೂಗಿನ ಮೇಲೆ ಬೆರಳಿಟ್ಟ. ಅದಾಗಿ ಹನ್ನೆರಡು ವರ್ಷ.

ಮಾರುತಿಗೂ ಗೊತ್ತಿಲ್ಲದ, ಚೌಕಿಪೇಟೆಯಲ್ಲಿ ಯಾರಿಗೂ ಗೊತ್ತಿಲ್ಲದ ಒಂದು ಸಂಗತಿಯಿತ್ತು. ಊರಿಗೆಲ್ಲ ಹೆಸರು ಕೊರೆದುಕೊಡುವ ಯಲ್ಲಕ್ಕನಿಗೆ ಓದಲು ಬರುತ್ತಿರಲಿಲ್ಲ. ಚಿಕ್ಕವಳಿದ್ದಾಗ ಕುರಿಯ ಹಿಂದೆ ಹೋದಳು, ಶಾಲೆಯ ಕಡೆ ಹೋಗಲಿಲ್ಲ. ಅವಳ ಪಾಲಿಗೆ ಅಕ್ಷರವೆಂದರೆ ಒಂದು ಆಕಾರ. ಒಮ್ಮೆ ಕಣ್ಣಿಟ್ಟು ನೋಡಿದರೆ ಕೈಗೆ ಇಳಿಯುತ್ತಿತ್ತು, ತಲೆಗೆ ಏರುತ್ತಿರಲಿಲ್ಲ. ಗಿರಾಕಿ ಹೆಸರಿನ ಚೀಟಿ ಕೊಟ್ಟಾಗ ಅವಳದೊಂದು ವರಸೆ ಇತ್ತು. 'ಒಂದ್ಸಲ ಬಾಯಿಬಿಟ್ಟು ಓದಿ ಹೇಳ್ರಿ. ಆಮೇಲೆ ತಪ್ಪಾತು ಅಂದ್ರ ಸ್ಟೀಲು ಅಳಸಕ್ಕೆ ಬರಲ್ಲ' ಎನ್ನುತ್ತಿದ್ದಳು. ಎಂಥ ಜಾಗ್ರತೆಯ ಹೆಂಗಸು ಎಂದು ಜನ ಮೆಚ್ಚಿಕೊಳ್ಳುತ್ತಿದ್ದರು. ಆ ಮೆಚ್ಚುಗೆ ಅವಳಿಗೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಆವರಗೆರೆಯಲ್ಲಿ ದೊಡ್ಡವರಿಗೆ ಓದು ಕಲಿಸುವ ತರಗತಿ ಶುರುವಾದಾಗ ಬಾಗಿಲವರೆಗೆ ಹೋಗಿದ್ದಳು. ಒಳಗೆ ಪೇಟೆಯ ಗಿರಾಕಿಯೊಬ್ಬಳು ಕುಳಿತಿದ್ದು ಕಂಡು, ಯಾರನ್ನೋ ಹುಡುಕಿಕೊಂಡು ಬಂದವಳಂತೆ ಇಣುಕಿ ನೋಡಿ ಹಿಂದಿರುಗಿದಳು.

ನಿಂಗಪ್ಪ ಅವಳಿಗೆ ಕಲಿಸಿದ್ದು ಒಂದೇ ಅಕ್ಷರ, ಶ್ರೀ. ಯಾವ ಪಾತ್ರೆಯಾದರೂ ಮೊದಲು ಮೂಲೆಯಲ್ಲೊಂದು ಪುಟ್ಟ ಶ್ರೀ ಕೊರೆದು, ಆಮೇಲೆ ಹೆಸರು. ಯಾರೂ ಕೇಳದೆ, ಯಾವ ಚೀಟಿಯನ್ನೂ ನೋಡದೆ ಅವಳು ಬರೆಯಬಲ್ಲ ಅಕ್ಷರ ಅದೊಂದೇ. ಹಾಗಾಗಿ ಅದನ್ನು ಬರೆಯುವಾಗ ಮಾತ್ರ ಅವಳ ಸುತ್ತಿಗೆ ಸ್ವಲ್ಪ ಜೋರು.

ಹೀಗಿರುವಾಗ ಮೊನ್ನೆ ಮಾಘದಲ್ಲಿ ಹರಿಹರದಿಂದ ಒಂದು ಟಾಟಾ ಏಸ್ ಗಾಡಿ ಬಂದು ಅಂಗಡಿಯ ಮುಂದೆ ನಿಂತಿತು. ಅದರ ತುಂಬ ಪಾತ್ರೆ. ಮುಂದಿನ ಸೀಟಿನಿಂದ ಇಳಿದವರು ಶಕುಂತಲಮ್ಮ. ಹರಿಹರದಲ್ಲಿ ಅವರ ಮಹಿಳಾ ಸಂಘದ ಹಂಡೆ, ಕೊಪ್ಪರಿಗೆಗಳಿಲ್ಲದೆ ಆ ಭಾಗದ ಒಂದು ಮದುವೆಯೂ ಆಗುವುದಿಲ್ಲ. ಜೊತೆಗೆ ಮೊಮ್ಮಗಳು ಕೀರ್ತನಾ. ದಾವಣಗೆರೆಯಲ್ಲೇ ಇಂಜಿನಿಯರಿಂಗ್ ಓದುತ್ತ, ಸರಸ್ವತಿ ನಗರದಲ್ಲಿ ಗೆಳತಿಯರೊಂದಿಗೆ ರೂಮು ಮಾಡಿಕೊಂಡಿರುವ ಹುಡುಗಿ.

'ಹೆಸರು ಕೊರಿಸ್ಬೇಕೇನ್ರಿ?' ಎಂದಳು ಯಲ್ಲಕ್ಕ.

'ಹೆಸರು ಆಗ್ಲೇ ಐತವ್ವ. ನಿನ್ನ ಗಂಡಾನೇ ಕೊರ್ದಿದ್ದು' ಎಂದರು ಶಕುಂತಲಮ್ಮ. 'ಹೆಸರಿದ್ರೇನು ಬಂತು? ಹೋದ ಪಾತ್ರೆ ಎಲ್ಲೈತಿ ಅಂತ ಹೆಸರು ಹೇಳ್ತತೇನು? ನಮ್ಮ ಕೊಪ್ಪರಿಗೆ ಒಂದು ಆರು ತಿಂಗಳಿಂದ ಯಾರ್ದೋ ಹಿತ್ತಲದಾಗ ಎಮ್ಮೆಗೆ ನೀರು ಕುಡಸಕ್ಕೆ ಇಟ್ಕಂಡಿದ್ರು. ಈಗ ಇವಳು ಏನೋ ಹೇಳ್ತಾಳೆ, ಕೇಳು.'

ಕೀರ್ತನಾ ಒಂದು ಹಾಳೆ ಬಿಡಿಸಿದಳು. ಅದರ ಮೇಲೆ ಕಪ್ಪು ಬಿಳಿ ಚೌಕಗಳ ಒಂದು ದೊಡ್ಡ ಚೌಕ. ತರಕಾರಿ ಗಾಡಿಯ ಮೇಲೂ ಅಂಟಿಸಿರುತ್ತಾರಲ್ಲ, ಫೋನು ಹಿಡಿದರೆ ದುಡ್ಡು ಹೋಗುವಂಥದ್ದು. ಇದು ದುಡ್ಡಿನದಲ್ಲ ಎಂದು ಅವಳು ವಿವರಿಸಿದಳು. ಒಂದೊಂದು ಪಾತ್ರೆಗೂ ಇಂಟರ್ನೆಟ್ಟಿನಲ್ಲಿ ಅದರದೇ ಒಂದು ಪುಟ. ಯಾರಾದರೂ ಈ ಚೌಕಕ್ಕೆ ಫೋನು ಹಿಡಿದರೆ ಆ ಪುಟ ತೆರೆದುಕೊಂಡು ಇದು ಯಾರ ಹಂಡೆ, ಎಷ್ಟು ಸೇರು ಅನ್ನ ಹಿಡಿಯುತ್ತದೆ, ಈಗ ಯಾರ ಮನೆಯಲ್ಲಿದೆ ಎಂದು ತೋರಿಸುತ್ತದೆ. ಒಯ್ದವರು ಅಲ್ಲೇ ಒಂದು ಗುಂಡಿ ಒತ್ತಿದರೆ ಶಕುಂತಲಮ್ಮನ ಫೋನಿಗೆ ಸುದ್ದಿ ಬರುತ್ತದೆ. ಮೊದಲು ಸ್ಟಿಕ್ಕರ್ ಅಂಟಿಸಿ ನೋಡಿದ್ದರಂತೆ. ಸಂಘದ ಹೆಂಗಸರು ಬೂದಿ, ಹುಣಸೆಹಣ್ಣು ಹಾಕಿ ತಿಕ್ಕಿದ ಏಟಿಗೆ ಒಂದೇ ದಿನದಲ್ಲಿ ಸ್ಟಿಕ್ಕರೆಲ್ಲ ಹೊಳೆ ಪಾಲು. ಯಂತ್ರದಲ್ಲಿ ಕೊರೆಸೋಣವೆಂದರೆ ನೂರು ಸೇರಿನ ಹಂಡೆ ಆ ಯಂತ್ರದೊಳಕ್ಕೆ ಹೋಗಲೊಲ್ಲದು.

'ಕೈಯಾಗ ಕೊರಿಯಕ್ಕೆ ಆಗ್ತೈತೇನ್ರಿ ಇದು?' ಎಂದು ಕೀರ್ತನಾ ಕೇಳಿದಳು.

ಯಲ್ಲಕ್ಕ ಹಾಳೆಯನ್ನು ದೂರ ಹಿಡಿದು ನೋಡಿದಳು. ಅಡ್ಡ ಎಣಿಸಿದಳು, ಇಪ್ಪತ್ತೈದು. ಉದ್ದ ಎಣಿಸಿದಳು, ಇಪ್ಪತ್ತೈದು. ಬಾಗಿಲ ಮುಂದೆ ಚುಕ್ಕಿ ರಂಗೋಲಿ ಹಾಕಿದವಳಿಗೆ ಇದೇನು ಮಹಾ? 'ಇದರಾಗ ಏನು ಬರ್ದೈತಿ, ಓದಿ ಹೇಳ್ರಿ' ಎಂದು ಅಭ್ಯಾಸ ಬಲದಿಂದ ಅಂದಳು.

ಕೀರ್ತನಾ ನಕ್ಕಳು. 'ನನಗೂ ಓದಕ್ಕೆ ಬರಲ್ಲ ಅಜ್ಜಿ. ಯಾರಿಗೂ ಬರಲ್ಲ. ಫೋನಿಗೆ ಮಾತ್ರ ಬರೋದು.'

ಯಲ್ಲಕ್ಕನ ಎದೆಯ ಮೇಲಿಂದ ಒಂದು ಚಪ್ಪಡಿ ಕಲ್ಲು ಎತ್ತಿದಂತಾಯಿತು. ಇಂಜಿನಿಯರಿಂಗ್ ಓದುವವಳಿಗೂ ಓದಲು ಬಾರದ ಬರವಣಿಗೆ! ಈ ಕೆಲಸ ತನಗೆಂದೇ ಹುಟ್ಟಿದ್ದು ಅನ್ನಿಸಿ, ಎಷ್ಟು ದಿನ ಬೇಕು ಏನು ಎಂದು ಮಾರುತಿ ಬಾಯಿ ತೆರೆಯುವ ಮೊದಲೇ ಒಪ್ಪಿಕೊಂಡುಬಿಟ್ಟಳು.

ಮೊದಲ ಹಂಡೆಗೆ ಒಂದು ದಿನ ಹಿಡಿಯಿತು. ಚೌಕದ ಸುತ್ತ ಒಂದು ಬೆರಳು ಜಾಗ ಖಾಲಿ ಬಿಡಬೇಕು, ಇಲ್ಲದಿದ್ದರೆ ಫೋನಿಗೆ ಗುರುತು ಸಿಗುವುದಿಲ್ಲ ಎಂದಳು ಕೀರ್ತನಾ. ಹಾಗಾದರೆ ಶ್ರೀ ಎಲ್ಲಿ ಹಾಕುವುದು? ಈ ಪ್ರಶ್ನೆಗೆ ಇಂಜಿನಿಯರಿಂಗಿನಲ್ಲಿ ಉತ್ತರವಿರಲಿಲ್ಲ. ಕೊನೆಗೆ ಯಲ್ಲಕ್ಕನೇ ಅದನ್ನು ಹಿಡಿಕೆಯ ಕೆಳಗೆ, ಫೋನಿಗೆ ಕಾಣದ ಕಡೆ ಹಾಕಿದಳು. ಕೊರೆದು, ಅರಗು ತುಂಬಿ, ಒರೆಸಿ, ಫೋನು ಹಿಡಿದರೆ ಏನೂ ಆಗಲಿಲ್ಲ. ಬಿಸಿಲಿಗೆ ಸ್ಟೀಲು ಹೊಳೆಯುತ್ತಿತ್ತು. ಯಲ್ಲಕ್ಕ ಸೆರಗು ಹಿಡಿದು ನೆರಳು ಮಾಡಿದಳು. ಫೋನು ಟಣ್ ಎಂದಿತು. 'ಅನ್ನದ ಹಂಡೆ' ಎಂದು ಪುಟ ತೆರೆಯಿತು. ಕೀರ್ತನಾ ಕುಣಿದಾಡಿಬಿಟ್ಟಳು. ಹಾಳೆಯಲ್ಲಿದ್ದ ಆರು ನೂರು ಚಿಲ್ಲರೆ ಚೌಕಗಳಲ್ಲಿ ಒಂದೂ ತಪ್ಪಿರಲಿಲ್ಲ.

'ಉಳಿದ ಹದಿನೇಳರ ಹಾಳೆ ಇಲ್ಲಿಟ್ಟೀನಿ' ಎಂದು ಅವಳು ಹೊರಡುವಾಗ ಹೇಳಿದಳು. 'ಒಂದೊಂದರ ಕೆಳಗೂ ಪಾತ್ರೆ ಹೆಸರು ಬರ್ದೀನಿ. ನೋಡ್ಕಂಡು ಹಾಕ್ರಿ. ಮುಂದಿನ ಶುಕ್ರವಾರ ಬಂದು ಒಯ್ತೀವಿ, ಭಾನುವಾರ ಕಾರ್ಯ ಐತೆ.'

ಹಾಳೆಯ ಕೆಳಗಿದ್ದ ಆ ಪುಟ್ಟ ಅಕ್ಷರಗಳು ಯಲ್ಲಕ್ಕನಿಗೆ ಆಗಲೇ ಕಂಡದ್ದು. ಆದರೂ ಗಾಬರಿಯಾಗಲಿಲ್ಲ. ಹಾಳೆಗಳನ್ನು ಇಡುವಾಗ ಹುಡುಗಿ ಒಂದೊಂದರ ಹೆಸರು ಹೇಳುತ್ತಲೇ ಇಟ್ಟಿದ್ದಳು. ಅದೇ ಸಾಲಿನಲ್ಲಿ ಯಲ್ಲಕ್ಕ ಪಾತ್ರೆಗಳನ್ನು ಗೋಡೆಗೆ ಜೋಡಿಸಿದಳು. ಮೇಲಿನ ಹಾಳೆ ಮೊದಲ ಪಾತ್ರೆಗೆ, ಅದರ ಕೆಳಗಿನದು ಎರಡನೆಯದಕ್ಕೆ. ಹಾಳೆಗಳ ಮೇಲೆ ತೂಕಕ್ಕೊಂದು ಕಲ್ಲು. ಕೈ ಪಳಗಿ ದಿನಕ್ಕೆ ಎರಡು ಪಾತ್ರೆಯಂತೆ ಮೂರು ದಿನ ಏನೂ ತೊಂದರೆಯಿಲ್ಲದೆ ನಡೆಯಿತು.

ನಾಲ್ಕನೆಯ ದಿನ ಬೆಳಿಗ್ಗೆ ಅವಳು ಹಾಳೆ ತೆಗೆಯಲೆಂದು ಕಲ್ಲು ಎತ್ತಿದ್ದಾಗಲೇ ಸುಂಟರಗಾಳಿ ಎದ್ದಿತು. ಹನ್ನೊಂದು ಹಾಳೆ ಬೀದಿಪಾಲಾದವು. ಒಂದು ಮಂಡಕ್ಕಿ ಅಂಗಡಿಯ ಮೇಲೆ, ಒಂದು ಆಟೋದ ಒಳಗೆ, ಒಂದು ಮಲಗಿದ್ದ ಹಸುವಿನ ಬೆನ್ನ ಮೇಲೆ. ಮಾರುತಿ, ಗಿರಾಕಿಗಳು, ದಾರಿಹೋಕರು ಎಲ್ಲ ಸೇರಿ ಹಿಡಿದು ತಂದುಕೊಟ್ಟರು. ಹನ್ನೊಂದೂ ಸಿಕ್ಕವು, ಸಾಲು ಮಾತ್ರ ಹೋಗಿತ್ತು.

ಆಗ ಅವಳು ಮಾಡಬೇಕಿದ್ದ ಕೆಲಸ ಸುಲಭದ್ದು. 'ಮಾರುತಿ, ಇದರಾಗ ಯಾವುದು ಏನೈತಿ ಹೇಳಪ್ಪ' ಅನ್ನಬೇಕಿತ್ತು, ಅಷ್ಟೇ. ಆದರೆ ಪಕ್ಕದಲ್ಲಿ ಗಿರಾಕಿಗಳಿದ್ದರು. ಕಣ್ಣಿಗೆ ಬಿದ್ದ ಅಕ್ಷರವನ್ನು ಕೊರೆಯುವವಳೇ ಓದಿಸಿಕೊಂಡರೆ ಏನೆಂದಾರು? ಯಲ್ಲಕ್ಕ ಹಾಳೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದಳು. ಎಲ್ಲ ಒಂದೇ ಥರ, ಅಕ್ಕತಂಗಿಯರ ಹಾಗೆ. ಸಿಮೆಂಟು ಚೀಲದ ಮೇಲಿನ ಮುದ್ರೆ ಇದ್ದಂತೆ ಇರಬೇಕು, ಯಾವುದು ಯಾವುದಕ್ಕೆ ಬಿದ್ದರೇನು ಎಂದು ತನಗೆ ತಾನೇ ಹೇಳಿಕೊಂಡಳು. ಅದು ಸುಳ್ಳೆಂದು ಒಳಗೊಳಗೇ ಗೊತ್ತಿತ್ತು. ಆ ರಾತ್ರಿ ಅನ್ನ ಸೇರಲಿಲ್ಲ.

ಶುಕ್ರವಾರ ಶಕುಂತಲಮ್ಮ, ಕೀರ್ತನಾ ಬಂದರು. ಹದಿನೆಂಟು ಪಾತ್ರೆ ಕಟ್ಟೆಯ ಮೇಲೆ ಥಳಥಳ ಹೊಳೆಯುತ್ತಿದ್ದವು. ಮೊದಲ ಏಳು ಸರಿಯಾಗಿಯೇ ಮಾತಾಡಿದವು. ಎಂಟನೆಯದು ಎರಡಾಳು ಎತ್ತುವ ಸಾರಿನ ಕೊಪ್ಪರಿಗೆ. ಫೋನು ಟಣ್ ಎಂದಿತು. ಪುಟ ತೆರೆಯಿತು. 'ತುಪ್ಪದ ಗಿಂಡಿ, ಅರ್ಧ ಸೇರು.'

ಮಾರುತಿ ಕಿಸಕ್ಕನೆ ನಕ್ಕ. ಕೀರ್ತನಾ ನಗಲಿಲ್ಲ. ಮುಂದಿನ ಪಾತ್ರೆಗೆ ಹಿಡಿದಳು. ಪಾಯಸದ ತಪ್ಪಲೆ ತಾನು ಸಾರಿನ ಸೌಟು ಅಂದಿತು. ಅನ್ನದ ಪರಾತ ತಾನು ನೀರಿನ ಡ್ರಮ್ಮು ಅಂದಿತು. ಹುಡುಗಿ ಬೇಗ ಬೇಗ ಉಳಿದವಕ್ಕೂ ಹಿಡಿದಳು. ಕಟ್ಟೆಯ ಮೇಲೇ ಲ್ಯಾಪ್‌ಟಾಪು ಬಿಚ್ಚಿ ಕುಳಿತು ಪಟಪಟನೆ ಏನೇನೋ ಒತ್ತಿದಳು.

'ಪಟ್ಟಿ ಸರಿ ಐತೆ. ಚೌಕ ಒಂದೂ ತಪ್ಪಿಲ್ಲ. ಅಂದ್ರ ನನ್ನ ಪ್ರೋಗ್ರಾಮೇ ತಪ್ಪು' ಎಂದಳು. ಅಜ್ಜಿಯ ಕಡೆ ತಿರುಗಿದಳು. 'ಅದೇ ಪುಟಗಳನ್ನ ಅದಲು ಬದಲು ಮಾಡ್ತಾ ಐತೆ. ಯಾಕ ಅಂತ ಗೊತ್ತಾಗ್ತಿಲ್ಲ ಅಜ್ಜಿ. ಎಲ್ಲ ಅಳಿಸಿ ಮೊದಲಿಂದ ಬರಿಬೇಕು.'

'ಮೊದಲಿಂದ ಬರಿಯಾದು ಏನೂ ಬ್ಯಾಡ' ಎಂದರು ಶಕುಂತಲಮ್ಮ. ಅವರ ಕೋಪ ಹರಿಹರಕ್ಕೆಲ್ಲ ಗೊತ್ತಿದ್ದದ್ದು. 'ಎರಡು ವರ್ಷದಿಂದ ಇಂಟರ್ನೆಟ್ಟು ಇಂಟರ್ನೆಟ್ಟು ಅಂತ ನನ್ನ ತಲಿ ತಿಂದಿ. ಇಪ್ಪತ್ತು ಹೆಣ್ಮಕ್ಕಳ ಮುಂದ ನಾನು ಏನಂತ ಹೇಳ್ಲಿ? ಮೊಮ್ಮಗಳು ಓದಿ ಕೊಪ್ಪರಿಗಿಗೆ ಗಿಂಡಿ ಅಂತ ಹೆಸರಿಟ್ಟಳು ಅಂತಾನಾ? ಸಾಕು, ಮುಚ್ಚು ಆ ಡಬ್ಬಿ. ಮಾರುತಿ, ಪಾತ್ರೆ ಗಾಡಿಗೆ ಹಾಕಿಸಪ್ಪ.'

ಕೀರ್ತನಾ ಲ್ಯಾಪ್‌ಟಾಪು ಮುಚ್ಚಿದಳು. ಅದರ ಮುಚ್ಚಳದ ಮೇಲೆ ಎರಡು ಹನಿ ಬಿದ್ದವು. ಯಾರಿಗೂ ಕಾಣದಂತೆ ವೇಲಿನ ತುದಿಯಿಂದ ಒರೆಸಿದಳು. ಯಲ್ಲಕ್ಕನಿಗೆ ಕಂಡಿತು.

ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. ಗಾಡಿ ಹರಿಹರಕ್ಕೆ ಹೋಗುತ್ತಿತ್ತು, ತಪ್ಪು ಹುಡುಗಿಯ ತಲೆಯ ಮೇಲೆ ಹೋಗುತ್ತಿತ್ತು, ಯಲ್ಲಕ್ಕ ನಾಳೆಯೂ ಇದೇ ಗೋಣಿಚೀಲದ ಮೇಲೆ ಕೂತು 'ಬಾಯಿಬಿಟ್ಟು ಓದಿ ಹೇಳ್ರಿ' ಎನ್ನಬಹುದಿತ್ತು. ಮಾರುತಿ ನಿಂತಿದ್ದ. ಮಗಳ ಮದುವೆಗೆ ಪಾತ್ರೆ ಕೊಂಡು ಹೆಸರು ಕೊರೆಸಲು ಕಾದಿದ್ದ ರೇಖಾ ಎಂಬ ಹೆಂಗಸು ನಿಂತಿದ್ದಳು. ಗಾಡಿಯ ಡ್ರೈವರು ಬೀಡಿ ಸೇದುತ್ತ ನಿಂತಿದ್ದ. ಹನ್ನೆರಡು ವರ್ಷ ಕಾಪಾಡಿಕೊಂಡು ಬಂದ ಮಾನ ಇಷ್ಟು ಜನರ ಮುಂದೆ ಹೋಗಬೇಕು. ಯಲ್ಲಕ್ಕ ಉಳಿಯನ್ನು ಕೆಳಗಿಟ್ಟಳು.

'ಅವ್ವಾ, ಹುಡಿಗೀಗೆ ಬೈಬ್ಯಾಡ್ರಿ' ಎಂದಳು. 'ತಪ್ಪು ನಂದು. ಹಾಳೆ ಗಾಳಿಗೆ ಹಾರಿ ಕಲಸಿ ಹೋದವು. ಕೆಳಗ ಬರ್ದಿದ್ದು ನೋಡ್ಕಂಡು ಹಾಕ್ಬೇಕಿತ್ತು. ನೋಡಿದೆ. ನನಗೆ ಓದಕ್ಕೆ ಬರಲ್ಲ.'

ಮಾರುತಿ ಅವಳನ್ನು ನೋಡಿದ, ತನ್ನ ಗಲ್ಲಾದ ಮೇಲಿಟ್ಟುಕೊಂಡಿದ್ದ, ಅಂಗಡಿಯ ಹೆಸರು ಕೊರೆದ ಆ ಹಳೆಯ ಚೊಂಬನ್ನು ನೋಡಿದ, ಮತ್ತೆ ಅವಳನ್ನು ನೋಡಿದ. 'ಹಂಗಾರೆ ಹನ್ನೆರಡು ವರ್ಷ...' ಎಂದು ಶುರು ಮಾಡಿ ಅಲ್ಲಿಗೇ ನಿಲ್ಲಿಸಿದ. ಯಲ್ಲಕ್ಕ ಗೋಣಿಚೀಲದ ಎಳೆ ಕೀಳುತ್ತ ಕುಳಿತಳು.

ಮೊದಲು ಎಚ್ಚರವಾದದ್ದು ಕೀರ್ತನಾಳಿಗೆ. 'ಅಂದ್ರ ನನ್ನ ಪ್ರೋಗ್ರಾಮು ಸರಿ ಐತೆ!' ಎಂದು ಕೂಗಿದಳು. ಆಮೇಲೆ ಕೂಗಿದ್ದಕ್ಕೆ ನಾಚಿಕೊಂಡು ಯಲ್ಲಕ್ಕನ ಪಕ್ಕ ಬಂದು ಕುಳಿತಳು. 'ಅಜ್ಜಿ, ಇಷ್ಟೇನಾ? ಇದನ್ನ ಸರಿ ಮಾಡಕ್ಕೆ ಹತ್ತು ನಿಮಿಷ ಸಾಕು.'

'ಸ್ಟೀಲು ಅಳಸಕ್ಕೆ ಬರಲ್ಲ ತಾಯಿ.'

'ಸ್ಟೀಲು ಯಾಕ ಮುಟ್ಟಬೇಕು? ಈ ಚೌಕದಾಗ ಪಾತ್ರೆ ಹೆಸರೇ ಇಲ್ಲ. ಇದು ಬರೀ ಮನೆ ನಂಬರು ಇದ್ದಂಗೆ. ಆ ಮನಿಯಾಗ ಯಾರು ಇರ್ಬೇಕು ಅನ್ನೋದು ಪುಟದಾಗ ಐತೆ. ಪುಟ ಯಾವಾಗ ಬೇಕಾದ್ರೂ ತಿದ್ದಬಹುದು.'

ಹೇಳಿದಂತೆ ಒಂದೊಂದು ಪಾತ್ರೆಗೂ ಫೋನು ಹಿಡಿದು ತಿದ್ದುತ್ತ ಹೋದಳು. ಗಿಂಡಿ ಮತ್ತೆ ಕೊಪ್ಪರಿಗೆಯಾಯಿತು, ಸೌಟು ತಪ್ಪಲೆಯಾಯಿತು. ಯಲ್ಲಕ್ಕ ಕಣ್ಣು ಮಿಟುಕಿಸದೆ ನೋಡಿದಳು. ಬದುಕಿಡೀ ಅವಳಿಗೆ ಗೊತ್ತಿದ್ದದ್ದು ಒಮ್ಮೆ ಕೊರೆದರೆ ಮುಗಿಯಿತು ಎನ್ನುವುದೊಂದೇ. ಕೊರೆದ ಮೇಲೂ ತಿದ್ದಿಕೊಳ್ಳಬಹುದಾದ ಬರವಣಿಗೆ ಇದೆಯೆಂದು ಗೊತ್ತಾಗಿ ಅವಳಿಗೆ ಅಳು ಬಂತು. ಅತ್ತಳು, ಮುಚ್ಚುಮರೆಯಿಲ್ಲದೆ.

ಶಕುಂತಲಮ್ಮನ ಕೋಪ ಇಳಿದಿತ್ತು, ಆದರೆ ಅವರು ಯೋಚನೆಗೆ ಬಿದ್ದಿದ್ದರು. 'ಅಲ್ಲ ಕೀರ್ತನಾ, ನಮ್ಮ ಸಂಘದಾಗ ಎಷ್ಟು ಜನಕ್ಕೆ ಓದಕ್ಕೆ ಬರ್ತತಿ? ನನಗ, ಆಮೇಲೆ ನಾಕೈದು ಜನಕ್ಕ. ಉಳಿದೋರು ಫೋನು ಹಿಡದ್ರೆ ನಿನ್ನ ಪುಟದಾಗ ಏನು ಕಾಣ್ತತಿ? ಇವಳಿಗೆ ಕಂಡಿದ್ದೇ ಕಾಣ್ತತಿ.'

ಕೀರ್ತನಾ ತಲೆ ಕೆರೆದುಕೊಂಡಳು. ಎರಡು ವರ್ಷದ ಓದಿನಲ್ಲಿ ಇದು ಹೊಳೆದಿರಲಿಲ್ಲ. ಯಲ್ಲಕ್ಕ ಮೂಗು ಒರೆಸಿಕೊಂಡು, 'ಬಾಯಿಬಿಟ್ಟು ಹೇಳಂಗೆ ಮಾಡಕ್ಕೆ ಬರಲ್ಲೇನು ಅದಕ್ಕೆ?' ಎಂದಳು. ಹನ್ನೆರಡು ವರ್ಷ ಎಲ್ಲರಿಂದಲೂ ಅದನ್ನೇ ಮಾಡಿಸಿದವಳಿಗೆ ಬೇರೆ ಏನು ತೋಚೀತು?

ಆಗಲೇ ಕಟ್ಟೆಯ ಮೇಲೆ ಕೀರ್ತನಾ ಫೋನನ್ನು ಅವಳ ಬಾಯಿಗೆ ಹಿಡಿದು ದನಿ ಮುದ್ರಿಸಿಕೊಂಡಳು. ಹದಿನೆಂಟು ಪಾತ್ರೆಗೂ ಯಲ್ಲಕ್ಕನೇ ದನಿ ಕೊಟ್ಟಳು. ಮೊದಲೆರಡು ತೊದಲಿದಳು, ಮೂರನೆಯದಕ್ಕೆ ಸರಾಗವಾಯಿತು, ಕೊನೆಕೊನೆಗೆ ಯಾರೂ ಹೇಳಿಕೊಡದಿದ್ದನ್ನೆಲ್ಲ ಸೇರಿಸಿದಳು.

ಮಾರುತಿ ಆ ಹೊತ್ತಿಗೆ ರೇಖಾಳ ಪಾತ್ರೆಗಳ ಬುಟ್ಟಿಯನ್ನು ಕೈಯಲ್ಲಿ ಹಿಡಿದು ಏನು ಮಾಡುವುದೆಂದು ತೋಚದೆ ನಿಂತಿದ್ದ. ರೇಖಾ ಬುಟ್ಟಿ ಕಿತ್ತುಕೊಂಡು ಯಲ್ಲಕ್ಕನ ಮುಂದಿಟ್ಟಳು. 'ಕೊರಿಯವ್ವ. ನಾನು ಇಲ್ಲೇ ಕೂತು ಓದಿ ಹೇಳ್ತೀನಿ' ಎಂದಳು. ಎಲ್ಲರೂ ರೇಖಾಳಂತಿರಲಿಲ್ಲ. ಸುದ್ದಿ ಹಬ್ಬಿ, ಆ ವಾರ ಮೂರು ಗಿರಾಕಿಗಳು ಪಾತ್ರೆ ಎತ್ತಿಕೊಂಡು ವಿದ್ಯುತ್ ಯಂತ್ರದಿಂದ ಹೆಸರು ಕೊರೆಯುವವನ ಕಡೆ ಹೋದರು. ಯಲ್ಲಕ್ಕನಿಗೆ ಬೇಜಾರಾಯಿತು. ಆದರೆ ರಾತ್ರಿ ಹೊಟ್ಟೆ ತುಂಬ ಊಟ ಸೇರಿತು, ನಿದ್ದೆಯೂ ಬಂತು.

ಆ ಭಾನುವಾರ ಶಕುಂತಲಮ್ಮ ಹಟ ಹಿಡಿದು ಅವಳನ್ನು ಹರಿಹರಕ್ಕೆ ಕರೆಸಿಕೊಂಡರು. ಮದುವೆಯ ಊಟ ಮುಗಿದಿತ್ತು. ಛತ್ರದ ಹಿಂದೆ ಹೊಳೆಯ ಗಾಳಿ ಬೀಸುವ ಅಂಗಳದಲ್ಲಿ ಹೆಂಗಸರು ಪಾತ್ರೆ ತಿಕ್ಕುತ್ತಿದ್ದರು. ಅವರಲ್ಲಿ ಹಿರಿಯಳು ಬಸವಣ್ಣೆಮ್ಮ. ಎಪ್ಪತ್ತರ ಮೇಲಾಗಿದೆ, ಯಲ್ಲಕ್ಕನ ಗುರುತಿಲ್ಲ, ಓದು ಬರಹದ ಗಂಧವೂ ಇಲ್ಲ. ಯಾರೋ ಅವಳ ಕೈಗೆ ಫೋನು ಕೊಟ್ಟು, ತೊಳೆದ ಹಂಡೆಗೆ ಹಿಡಿ ಎಂದರು. ಹಿಡಿದಳು. ಬಿಸಿಲಿಗೆ ಫೋನು ಸುಮ್ಮನಿತ್ತು. ದೂರದಲ್ಲಿ ನಿಂತಿದ್ದ ಯಲ್ಲಕ್ಕ ತಡೆಯಲಾರದೆ ಬಂದು ಸೆರಗು ಅಡ್ಡ ಹಿಡಿದಳು. ಟಣ್!

'ನಾನು ಹರಿಹರದ ಸಂಘದ ಅನ್ನದ ಹಂಡೆ' ಎಂದಿತು ಹಂಡೆ, ಯಲ್ಲಕ್ಕನ ದನಿಯಲ್ಲಿ. 'ನೂರು ಸೇರು ಹಿಡಿತೀನಿ. ನನ್ನ ಎತ್ತಕ್ಕೆ ಇಬ್ರು ಬೇಕು, ಒಬ್ರೇ ಎತ್ತಬ್ಯಾಡ್ರಿ, ಸೊಂಟ ಹಿಡ್ಕಂತತಿ. ಕೆಲಸ ಮುಗಿದ ಮೇಲೆ ನನ್ನ ಮನಿಗೆ ಕಳಿಸ್ರಿ.'

ಬಸವಣ್ಣೆಮ್ಮ ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದಳು. ಆಮೇಲೆ ಬಗ್ಗಿ, ಹಂಡೆಯ ಬಾಯಿಗೆ ಬಾಯಿ ಹತ್ತಿರ ತಂದು, 'ಆತು ನಮ್ಮವ್ವ, ಇಬ್ರು ಸೇರೇ ಎತ್ತುತೀವಿ, ಕಳಿಸ್ತೀವಿ' ಎಂದು ಉತ್ತರ ಕೊಟ್ಟಳು. ಅಂಗಳವೆಲ್ಲ ನಕ್ಕಿತು. ಅವಳು ಯಲ್ಲಕ್ಕನ ಕಡೆ ತಿರುಗಿ, ನೀನೂ ಒಂದು ಕಡೆ ಹಿಡಿ ಎಂಬಂತೆ ಕಣ್ಣಿನಲ್ಲೇ ಕರೆದಳು.

ಯಲ್ಲಕ್ಕ ಹಿಡಿಕೆಗೆ ಕೈ ಹಾಕಿದಳು. ಬೆರಳಿಗೆ ಕೆಳಗಿದ್ದ ಶ್ರೀ ಸಿಕ್ಕಿತು. ಹನ್ನೆರಡು ವರ್ಷದಲ್ಲಿ ಅವಳು ಸಾವಿರಾರು ಹೆಸರು ಕೊರೆದಿದ್ದಳು, ಒಂದನ್ನೂ ಓದಿರಲಿಲ್ಲ. ಇವತ್ತು ತಾನು ಕೊರೆದದ್ದು ಏನೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಇಬ್ಬರೂ ಸೇರಿ ಹಂಡೆ ಎತ್ತಿದರು.